ಮಾತು ಬಾರದವನು ಥೆರಪಿಸ್ಟ್ ಹುಡುಕಿದ್ದು

ನನ್ನದು ಸುಲ್ತಾನ್‌ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ತಮ್ಮ ಅಪಘಾತದಲ್ಲಿ ತೀರಿಕೊಂಡ ಮೇಲೆ ನಿದ್ದೆ ಹೋಯಿತು. ಲಗ್ನಪತ್ರಿಕೆಯ ಆರ್ಡರ್ ರಾಶಿ ಬಿದ್ದಿದ್ದರೂ ಮೆಷಿನ್ ಮುಂದೆ ಸುಮ್ನೆ ನಿಂತಿರುತ್ತಿದ್ದೆ. ಯಾರು ಏನು ಕೇಳಿದರೂ "ಏನಿಲ್ಲ ಬಿಡಿ" ಅನ್ನುವುದು. ಕೊನೆಗೆ ಹೆಂಡತಿ, "ರೀ, ನೀವಾಗೇ ಹೋಗ್ತೀರೋ, ನಾನೇ ಕರ್ಕೊಂಡು ಹೋಗ್ಲೋ?" ಅಂದಳು.

ಮೊದಲು ಹೋಗಿದ್ದು ನಮ್ಮ ಏರಿಯಾದ ಡಾಕ್ಟರ್ ಹತ್ತಿರ. ಅವರು ಥೈರಾಯ್ಡ್, ಬಿ12 ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿದರು. ಇವು ಕಡಿಮೆಯಾದರೂ ಮನಸ್ಸು ಕುಗ್ಗುತ್ತದಂತೆ. ರಿಪೋರ್ಟ್ ಸರಿಯಾಗಿತ್ತು, ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು. ಹೆಸರು ಕೇಳಿ ನಮ್ಮ ಅತ್ತೆ ಗಾಬರಿಯಾದರು. ಹಳೆಯ ಮೆಂಟಲ್ ಆಸ್ಪತ್ರೆಯನ್ನೂ ಅಲ್ಲೇ ಇದ್ದ ತರಬೇತಿ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಮಾಡಿದ್ದು. ಅವರ ಬಾಯಲ್ಲಿ ಅದಿನ್ನೂ ಹುಚ್ಚಾಸ್ಪತ್ರೆಯೇ. ಮೂರ್ಛೆ ರೋಗದವರು, ಪಾರ್ಶ್ವವಾಯು ಆದವರು ಎಲ್ಲರೂ ಅಲ್ಲಿಗೇ ಬರುತ್ತಾರೆ ಅಂತ ಹೇಳಿದರೂ ಅವರಿಗೆ ಸಮಾಧಾನ ಇಲ್ಲ.

ಯಾರು ಏನು ಮಾಡುತ್ತಾರೆ ಅನ್ನುವುದು ಆಮೇಲೆ ತಿಳಿಯಿತು. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಓದಿದ ಡಾಕ್ಟರ್, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ಮಾಡುತ್ತಾರೆ. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಪಟ್ಟಿಯಲ್ಲಿ ಇರಬೇಕು. ಕೌನ್ಸೆಲರ್ ಅನ್ನುವ ಬೋರ್ಡನ್ನು ಮಾತ್ರ ಯಾರು ಯಾರೋ ಹಾಕಿಕೊಂಡಿರುತ್ತಾರೆ. ಚೆನ್ನಾಗಿ ಓದಿದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇದ್ದಾರೆ.

ನಿಮ್ಹಾನ್ಸಿನ ಡಾಕ್ಟರ್ ಮಾತ್ರೆ ಶುರು ಮಾಡಿ, ಜೊತೆಗೆ ಥೆರಪಿಯೂ ಬೇಕು ಅಂದರು. ದಿನಾ ಕೆಲಸ ಬಿಟ್ಟು ಅಲ್ಲಿಗೆ, ಹೊಸೂರು ರಸ್ತೆಗೆ ಹೋಗುವುದು ನನ್ನ ಕೈಲಾಗಲಿಲ್ಲ. ಹತ್ತಿರದಲ್ಲೇ ಒಬ್ಬರನ್ನು ನೋಡಿದೆ. ಒಳ್ಳೆಯವರೇ, ಆದರೆ ಕನ್ನಡ ಅಷ್ಟಕ್ಕಷ್ಟೆ. ನನಗೆ ಇಂಗ್ಲಿಷ್ ಬರುತ್ತದೆ. ತಮ್ಮನ ವಿಷಯ ಹೇಳಿಕೊಂಡು ಅಳುವಷ್ಟು ಬರುವುದಿಲ್ಲ. ಅರ್ಧ ಗಂಟೆ ಇಬ್ಬರೂ ಫ್ಯಾನ್ ನೋಡುತ್ತಾ ಕೂತಿದ್ದೂ ಇದೆ. ಮಾತು ಜಾಸ್ತಿ ಬೇಡದ ದಾರಿಯೂ ಒಂದಿದೆ, ಆರ್ಟ್ ಥೆರಪಿ ಅಂತ, ಚಿತ್ರ, ಬಣ್ಣ, ಮಣ್ಣಿನ ಮೂಲಕ ಮಾಡುವ ಚಿಕಿತ್ಸೆ, ನೋಡಿ ಅಂದಿದ್ದು ಅವರೇ.

ಈ ಸಲ ಸುಮ್ಮನೆ ಅಪಾಯಿಂಟ್‌ಮೆಂಟ್ ತಗೊಳ್ಳಲಿಲ್ಲ. ಪೇಪರ್ ವ್ಯಾಪಾರಿ ಹತ್ತಿರ ಜಿಎಸ್ಎಂ, ಅಂದರೆ ಕಾಗದದ ತೂಕ, ಕೇಳದೆ ರೀಮ್ ತಗೊಳ್ತೀವಾ? ಆರ್ಟ್ ಥೆರಪಿ ಮಾಡುವವರಿಗೆ ಫೋನ್ ಮಾಡಿ ಎಲ್ಲ ಕೇಳಿದೆ. ಏನು ಓದಿದ್ದೀರಿ, ಎಲ್ಲಿ? ಸೈಕಾಲಜಿಯ ತಳಪಾಯ ಇದೆಯಾ, ಬರೀ ಚಿತ್ರಕಲೆಯಾ? ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಾ, ಈಗಲೂ ಕೇಸ್ ಬಗ್ಗೆ ಯಾರ ಹತ್ತಿರವಾದರೂ ಚರ್ಚೆ ಮಾಡುತ್ತೀರಾ? ನನ್ನ ಡಾಕ್ಟರ್ ಜೊತೆ ಮಾತಾಡುತ್ತೀರಾ? ಫೀಸು ಎಷ್ಟು, ಕಡಿಮೆ ಮಾಡುವ ಪದ್ಧತಿ ಇದೆಯಾ, ಬರದಿದ್ದ ದಿನಕ್ಕೂ ಕೊಡಬೇಕಾ? ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದವರು ಆರ್ಟ್ ಥೆರಪಿಸ್ಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ನಮ್ಮ ಆರ್‌ಸಿಐ ಪಟ್ಟಿಯಲ್ಲಿ ಆ ವಿಭಾಗವೇ ಇಲ್ಲ. ಹಾಗಾಗಿ ಕೇಳುವ ಕೆಲಸ ನಮ್ಮದೇ. ಒಬ್ಬರು "ಹತ್ತು ಸೆಷನ್ನಿನಲ್ಲಿ ಪೂರ್ತಿ ವಾಸಿ, ದುಡ್ಡು ಮುಂಗಡ" ಅಂದರು. ಅಲ್ಲೇ ಫೋನ್ ಇಟ್ಟೆ. ಇನ್ನೊಬ್ಬರು ನಿಧಾನವಾಗಿ, ಕನ್ನಡದಲ್ಲೇ, ಎಲ್ಲಕ್ಕೂ ಉತ್ತರ ಕೊಟ್ಟರು. ನಾನು ಹೇಳಿದ್ದು ಗುಟ್ಟಾಗಿರುತ್ತದೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ ಅನ್ನುವುದನ್ನು ಕೇಳುವ ಮೊದಲೇ ಹೇಳಿದರು. ಅವರನ್ನೇ ಗೊತ್ತು ಮಾಡಿಕೊಂಡೆ.

"ನನಗೆ ಒಂದು ಗೆರೆ ಎಳೆಯೋಕೂ ಬರಲ್ಲ ಮೇಡಂ" ಅಂದೆ. "ಬರೋದೇ ಬೇಡ ಸರ್" ಅಂದರು. ಚಿತ್ರ ಚೆನ್ನಾಗಿದೆಯಾ ಅಂತ ಇಲ್ಲಿ ಯಾರೂ ನೋಡುವುದಿಲ್ಲ. ನಾನು ಇನ್ನೊಂದಕ್ಕೂ ಹೆದರಿದ್ದೆ, ಕಪ್ಪು ಬಳಿದರೆ ಹೀಗೆ, ಕೆಂಪು ಬಳಿದರೆ ಹಾಗೆ ಅಂತ ಕೈ ನೋಡಿ ಭವಿಷ್ಯ ಹೇಳಿದ ಹಾಗೆ ಹೇಳಿಬಿಡುತ್ತಾರೇನೋ ಅಂತ. ಅದೂ ಇಲ್ಲ. ಮಾಡಿದ್ದನ್ನು ಇಬ್ಬರೂ ನೋಡುವುದು, ಅವರು ಕೇಳುವುದು, ಹೇಳಬೇಕು ಅನ್ನಿಸಿದರೆ ನಾನು ಹೇಳುವುದು.

ಮೇಜಿನ ಮೇಲೆ ಪೆನ್ಸಿಲ್, ಆಯಿಲ್ ಪೇಸ್ಟಲ್, ನೀರು ಬಣ್ಣ, ಜೇಡಿಮಣ್ಣು. ನಾನು ಪೆನ್ಸಿಲ್ ತಗೊಂಡು ಸ್ಕೇಲ್ ಕೇಳಿದೆ. ಪ್ರೆಸ್ಸಿನವನ ಕೈ ಅಲ್ವಾ, ಮಾರ್ಜಿನ್ ಹಾಕದೆ ಕೆಲಸ ಶುರುವಾಗುವುದಿಲ್ಲ. ಅವರು ಸ್ಕೇಲ್ ಕೊಟ್ಟರು, ಏನೂ ಅನ್ನಲಿಲ್ಲ. ಕೆಲವು ವಾರ ಬರೀ ಚೌಕಗಳೇ. ಆಮೇಲೊಂದು ದಿನ ಕಾಗದ ಒದ್ದೆ ಮಾಡಿ, ಇದರ ಮೇಲೆ ಬಣ್ಣ ಬಿಟ್ಟು ನೋಡ್ತೀರಾ ಅಂದರು. ನೀಲಿ ನನ್ನ ಮಾತು ಕೇಳದೆ ಅಂಚಿನವರೆಗೂ ಹರಿಯಿತು. ಎದೆ ಹೊಡೆದುಕೊಳ್ಳತೊಡಗಿತು, ಬ್ರಷ್ ಇಟ್ಟುಬಿಟ್ಟೆ. ಆಗ ಅವರು ವಿವರಿಸಿದರು: ಪೆನ್ಸಿಲ್ ಹೇಳಿದ ಹಾಗೆ ಕೇಳುತ್ತದೆ, ನೀರು ಬಣ್ಣ ಕೇಳುವುದಿಲ್ಲ. ಯಾರಿಗೆ, ಯಾವಾಗ, ಯಾವುದನ್ನು ಕೊಡಬೇಕು ಅಂತ ನೋಡಿ ಕೊಡುವುದೇ ಅವರ ವಿದ್ಯೆ. ಅಂಗಡಿಯಲ್ಲಿ ಸಿಗುವ ಬಣ್ಣ ತುಂಬುವ ಪುಸ್ತಕ ಮನಸ್ಸು ಹಗುರ ಮಾಡಬಹುದು, ಅದು ಈ ಥೆರಪಿ ಅಲ್ಲ.

ಮುಂದಿನ ಸಲ ಮಣ್ಣು. ಹೆಬ್ಬೆರಳಿನಿಂದ ಒತ್ತುತ್ತಾ ಕೂತೆ. ಏನು ಮಾಡುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಗುಂಡಗೆ, ಒಳಗೆ ಟೊಳ್ಳು, ಮುಂದೆ ತೆರೆದಿದೆ. "ಇದರೊಳಗೆ ಏನಾದ್ರೂ ಇರಬೇಕಿತ್ತಾ?" ಅಂದರು ಮೇಡಂ. ತಮ್ಮನ ಹೆಲ್ಮೆಟ್ ಅದು. ಪೊಲೀಸ್ ಠಾಣೆಯಿಂದ ತಂದು ಅಟ್ಟದ ಮೇಲೆ ಇಟ್ಟವನು ನಾನೇ. ಆವತ್ತು ಗಂಟೆ ಮುಗಿಯುವವರೆಗೂ ಮಾತಾಡಿದೆ.

ಪ್ರೆಸ್ಸಿನಲ್ಲಿ ಒಬ್ಬರು "ಇದೆಲ್ಲ ಈಗಿನ ಐಟಿಯವರ ಶೋಕಿ" ಅಂದರು. ಆರ್ಟ್ ಥೆರಪಿ ಅಂತ ಹೆಸರಿಟ್ಟಿದ್ದು ಏಡ್ರಿಯನ್ ಹಿಲ್ ಅನ್ನುವ ಇಂಗ್ಲಿಷ್ ಕಲಾವಿದ, 1942ರಲ್ಲಿ. ಕ್ಷಯ ಬಂದು ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದಾಗ ಚಿತ್ರ ಬರೆಯುತ್ತಾ ಅದರ ಉಪಯೋಗ ಕಂಡುಕೊಂಡವನು. ಹೇಳಿದೆ, ಅವರು ನಂಬಿದ ಹಾಗೆ ಕಾಣಲಿಲ್ಲ.

ಮಾತ್ರೆ ನಾನಾಗಿ ಬಿಡಲಿಲ್ಲ, ಡಾಕ್ಟರೇ ಹಂತ ಹಂತವಾಗಿ ಇಳಿಸುತ್ತಿದ್ದಾರೆ. ರಾತ್ರಿ ತೀರಾ ಕಷ್ಟವಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದ್ದೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾಡಿದ್ದೆಲ್ಲ ಮೇಡಂ ಹತ್ತಿರ ಫೈಲಿನಲ್ಲಿದೆ. ಬೇಕಾದರೆ ಮನೆಗೆ ಒಯ್ಯಬಹುದು, ನಿಮ್ಮದೇ ಅಂದಿದ್ದಾರೆ. ಹೆಂಡತಿ ನೋಡಬೇಕು ಅಂದಾಗ ಆ ನೀಲಿ ಹಾಳೆಯೊಂದನ್ನು ತಂದೆ. ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಫೀಸು ಬೇರೆನಾ?" ಅಂದಳು.