ಹೊಸ ಕ್ಯಾಮೆರಾ: ಮೊದಲು ಗೋಡೆ, ಆಮೇಲೆ ಚೆಂಡುಹೂವು

ಕ್ಯಾಮೆರಾ ಕೈಗೆ ಬಂದ ದಿನ ಚೆಂದದ ಫೋಟೊ ತೆಗೆಯುವ ಆಸೆ ಪಕ್ಕಕ್ಕಿಟ್ಟೆ. ವಾಪಸು ಕೊಡಲು ಇದ್ದದ್ದು ಏಳೇ ದಿನ; ದೋಷ ಇದ್ದರೆ ಅಷ್ಟರೊಳಗೆ ಗೊತ್ತಾಗಬೇಕು. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ), ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿ, ಜೊತೆಗೆ ಬಂದ 18-55 ಮಿ.ಮೀ. ಕಿಟ್ ಲೆನ್ಸ್.

ಬಾಡಿಯ ಸೀರಿಯಲ್ ನಂಬರನ್ನು ಡಬ್ಬಿ, ಬಿಲ್ಲುಗಳ ಜೊತೆ ತಾಳೆ ನೋಡಿದೆ. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರವನ್ನು ಒಳಗಿನ ಅಂಕಿಗಳು ಚೂಪಾಗಿ ಕಾಣುವವರೆಗೆ ತಿರುಗಿಸಿದೆ. ಇದನ್ನು ಬಿಟ್ಟವರು ಲೆನ್ಸನ್ನು ಬೈಯುತ್ತಾರೆ.

ಮೊದಲು ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್. ಲೆನ್ಸಿಗೆ ಕ್ಯಾಪ್ ಹಾಕಿ ಮ್ಯಾನ್ಯುಯಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 400, ಶಟರ್ 1/60 ಸೆಕೆಂಡ್ ಇಟ್ಟು ಮೂರು ಫೋಟೊ. ಪೂರ್ತಿ ಹಿಗ್ಗಿಸಿದಾಗ ಮೂರರಲ್ಲೂ ಒಂದೇ ಜಾಗದಲ್ಲಿ ಬಣ್ಣದ ಚುಕ್ಕಿ ಇದ್ದರೆ ಆ ಪಿಕ್ಸೆಲ್ ಕೆಟ್ಟಿದೆ. 30 ಸೆಕೆಂಡ್ ತೆರೆದಿಟ್ಟು ಚುಕ್ಕಿ ಕಂಡರೆ ಗಾಬರಿ ಬೇಡ, ಅದು ಸಹಜ. ಧೂಳು ಹುಡುಕಲು ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಕಿರಿದಾಗಿಸಿ ಎಫ್/16, ಬಿಳಿ ಗೋಡೆ, ಫೋಕಸ್ ತಪ್ಪಿಸಿ, ಕ್ಲಿಕ್ಕಿಸುವಾಗ ಕ್ಯಾಮೆರಾವನ್ನೇ ಅಲುಗಾಡಿಸಬೇಕು. ಗೋಡೆಯ ಕಲೆ ಕಲಸಿಹೋಗುತ್ತದೆ, ಸೆನ್ಸರಿನ ಧೂಳು ನಿಂತಲ್ಲೇ ನಿಲ್ಲುತ್ತದೆ. ಕಿಂಡಿ ಅಗಲವಾದ ಎಫ್/4ರಲ್ಲಿ ನೋಡಿದರೆ ಈ ಧೂಳು ಕಾಣುವುದೇ ಇಲ್ಲ.

ಲೆನ್ಸಿಗೆ ಇಟ್ಟಿಗೆ ಗೋಡೆಯಷ್ಟು ಒಳ್ಳೆಯ ಪರೀಕ್ಷಕ ಇಲ್ಲ. ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ಅಪರ್ಚರ್ ಪೂರ್ತಿ ತೆರೆದು ನಡುವೆ ಫೋಕಸ್. ನಾಲ್ಕೂ ಮೂಲೆ ಒಂದೇ ಸಮ ಮೆತ್ತಗಿದ್ದರೆ ಕಿಟ್ ಲೆನ್ಸಿನ ಸ್ವಭಾವ ಅಂತ ಬಿಡಬಹುದು. ನನಗೆ ಎಡಬದಿ ಮಾತ್ರ ಮಸುಕಾಗಿತ್ತು. ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು 1/250ಕ್ಕೆ ಅದೇ ಗೋಡೆ ತೆಗೆದೆ: ಮಸುಕು ಗೋಡೆಯ ಅದೇ ಭಾಗದಲ್ಲಿ ಉಳಿಯಿತು. ಅಂದರೆ ಲೆನ್ಸ್ ಸರಿಯಿದೆ, ನಾನು ಗೋಡೆಗೆ ನೇರ ನಿಲ್ಲಿಸಿರಲಿಲ್ಲ. ಫ್ರೇಮಿನ ಅದೇ ಬದಿಗೆ ಬಂದಿದ್ದರೆ ವಾಪಸು ಕಳಿಸುತ್ತಿದ್ದೆ.

ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು. ಕತ್ತಲು, ಎಲ್‌ಇಡಿ, ಕೈಗಳ ಓಟ. ಕ್ಯಾಮೆರಾದ ಮಿತಿಗಳೆಲ್ಲ ಇಲ್ಲಿ ಹೊರಬೀಳುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ 1/250 ಇಟ್ಟರೆ ಚಿತ್ರದ ತುಂಬ ಅಡ್ಡಡ್ಡ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಸೆನ್ಸರ್ ಅದನ್ನು ಸಾಲು ಸಾಲಾಗಿ ಓದುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ 1/100ಕ್ಕೆ, ಅಂದರೆ ಒಂದು ಮಿನುಗಿನಷ್ಟು ಹೊತ್ತಿಗೆ, ಇಳಿಸಿದರೆ ಪಟ್ಟೆ ಮಾಯ. ಆದರೆ ಆ ವೇಗಕ್ಕೆ ಮಾರು ಹಾಕುವ ಕೈ ಕಲಸಿಹೋಗುತ್ತದೆ. ಹೂವಿನ ಎಳೆ ಪೂರ್ತಿ ಚಾಚಿ ಕೈ ಅರೆಕ್ಷಣ ನಿಲ್ಲುತ್ತದಲ್ಲ, ಒತ್ತಬೇಕಾದ್ದು ಆಗ.

ಚೆಂಡುಹೂವಿನ ರಾಶಿ ಮೋಸ ಮಾಡುತ್ತದೆ. ಬಿಳಿ ಹಿಸ್ಟೋಗ್ರಾಮ್ (ಒಟ್ಟು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಡುವೆ ಆರಾಮಾಗಿ ಕುಳಿತಿದ್ದರೂ ಕೆಂಪು ಚಾನೆಲ್ ನಕ್ಷೆಯ ಬಲ ಅಂಚಿಗೆ ಬಡಿದು ವಿವರ ಕಳೆದುಕೊಂಡಿರುತ್ತದೆ. ಎಸಳುಗಳೆಲ್ಲ ಅಂಟಿಕೊಂಡು ಪ್ಲಾಸ್ಟಿಕ್ ಹೂವಾಗಿ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿಕೊಂಡು ಎಕ್ಸ್‌ಪೋಶರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಮೈನಸ್ 1ಕ್ಕೆ ತಂದ ಮೇಲೆ ಎಸಳಿನ ಅಂಚು ಮರಳಿತು. ಪಕ್ಕದ ಮಲ್ಲಿಗೆ ಬುಟ್ಟಿಗೆ ಉಲ್ಟಾ: ಫ್ರೇಮ್ ತುಂಬಿದ ಬಿಳುಪನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದು ಬಣ್ಣಕ್ಕೆ ಇಳಿಸುತ್ತದೆ, ಪ್ಲಸ್ 1 ಕೊಡಬೇಕು.

ಐಎಸ್‌ಒ 800ರಿಂದ 12800ರವರೆಗೆ ಅದೇ ಬುಟ್ಟಿಯನ್ನು ರಾ (ಸೆನ್ಸರಿನ ಕಚ್ಚಾ ಕಡತ), ಜೆಪೆಗ್ (ಕ್ಯಾಮೆರಾ ತಾನೇ ಸಂಸ್ಕರಿಸಿದ ಚಿತ್ರ) ಎರಡರಲ್ಲೂ ತೆಗೆದೆ. 6400ರ ಜೆಪೆಗ್‌ನಲ್ಲಿ ನಾಯ್ಸ್ (ಕಾಳುಕಾಳು ಚುಕ್ಕಿ) ಒರೆಸುವ ಭರದಲ್ಲಿ ಮೊಗ್ಗಿನ ಗೆರೆಯೂ ಒರೆಸಿಹೋಗಿತ್ತು. ರಾದಲ್ಲಿ ಕಾಳುಕಾಳಾಗಿದ್ದರೂ ಗೆರೆ ಇತ್ತು. ಆಟೊ ಐಎಸ್‌ಒ ಮಿತಿಯನ್ನು ಜೆಪೆಗ್‌ಗೆ 3200, ರಾಗೆ 6400 ಅಂತ ಕಟ್ಟಿಟ್ಟೆ.