ದುರ್ಗದ ಮಹಡಿ ಮೇಲೆ ವರ್ಲ್ಡ್‌ಸ್ಪೇಸ್ ರೇಡಿಯೋ: ನನ್ನ ಅನುಭವ

ಆಗ ಚಿತ್ರದುರ್ಗದಲ್ಲಿ ರೇಡಿಯೋ ಹುಚ್ಚಿದ್ದವರಿಗೆ ಜಾಸ್ತಿ ಆಯ್ಕೆ ಇರಲಿಲ್ಲ. 102.6ರಲ್ಲಿ ನಮ್ಮೂರ ಆಕಾಶವಾಣಿ. ಮೀಡಿಯಂ ವೇವ್‌ನಲ್ಲಿ 675ಕ್ಕೆ ತಿರುಗಿಸಿದರೆ ಭದ್ರಾವತಿ. ರಾತ್ರಿಯಾದರೆ ಶಾರ್ಟ್ ವೇವ್‌ನಲ್ಲಿ ಬಿಬಿಸಿ ಹಿಡಿಯಬಹುದಿತ್ತು, ಅದೂ ಏರಿಳಿಯುತ್ತಾ, ಒಮ್ಮೊಮ್ಮೆ ಯಾವುದೋ ಬೇರೆ ಭಾಷೆಯ ಸ್ಟೇಷನ್ ಮೇಲೆ ಬಿದ್ದು ಕಲಸಿಹೋಗುತ್ತಿತ್ತು. ಬೆಂಗಳೂರಿನ ಖಾಸಗಿ ಎಫ್‌ಎಂಗಳು ಇನ್ನೂರು ಕಿಲೋಮೀಟರ್ ದಾಟಿ ಇಲ್ಲಿಗೆ ಬರುವ ಮಾತೇ ಇಲ್ಲ. ಹೀಗಿರುವಾಗ ವರ್ಲ್ಡ್‌ಸ್ಪೇಸ್ ಥರ ಉಪಗ್ರಹದಿಂದ ನೇರ ಮನೆಗೆ ಇಳಿಯುವ ರೇಡಿಯೋ ಸೇವೆ ಅಂದರೆ ಆಸೆ ಆಗದೆ ಇರುತ್ತಾ?

ನನಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಸೆಟ್. ಹಿಟಾಚಿ, ಜೆವಿಸಿ, ಪ್ಯಾನಸೋನಿಕ್, ಸ್ಯಾನಿಯೊ ಈ ನಾಲ್ಕು ಕಂಪನಿಗಳು ಶುರುವಿನಲ್ಲಿ ವರ್ಲ್ಡ್‌ಸ್ಪೇಸ್ ಸೆಟ್ ಮಾಡಿದ್ದವು. ಅವುಗಳಲ್ಲೇ ಒಂದು ನನ್ನದು. ನೋಡೋಕೆ ಮಾಮೂಲಿ ರೇಡಿಯೋ ಥರಾನೇ. ಎಫ್‌ಎಂ, ಶಾರ್ಟ್ ವೇವ್ ಎಲ್ಲಾ ಇತ್ತು. ವ್ಯತ್ಯಾಸ ಅಂದರೆ ಆಂಟೆನಾ. ಎಳೆಯುವ ಕಡ್ಡಿಯ ಜೊತೆಗೆ ಅಂಗೈ ಅಗಲದ ಒಂದು ಚಪ್ಪಟೆ ಚೌಕ. ಅದನ್ನು ಬಿಚ್ಚಿ, ವೈರ್ ಹಾಕಿ ದೂರ ಇಡಬಹುದು. ಈ ಚೌಕದ ಮುಖ ಉಪಗ್ರಹದ ಕಡೆಗೆ ಇದ್ದರೆ ಎಲ್ಲಾ ಉಂಟು, ಇಲ್ಲದಿದ್ದರೆ ಏನೂ ಇಲ್ಲ.

ಉಪಗ್ರಹದ ಹೆಸರು ಏಷ್ಯಾಸ್ಟಾರ್. 2000ದ ಮಾರ್ಚ್ 21ರಂದು ಏರಿಯಾನ್-5 ರಾಕೆಟ್ ಇದನ್ನು ಫ್ರೆಂಚ್ ಗಯಾನಾದ ಕೂರೂನಿಂದ ಹಾರಿಸಿತ್ತು. ಆಫ್ರಿಕಾಕ್ಕೆ ಅಂತ ಇದರ ಅಣ್ಣ ಆಫ್ರಿಸ್ಟಾರ್ 1998ರಲ್ಲೇ ಹೋಗಿತ್ತು. ಏಷ್ಯಾಸ್ಟಾರ್ ನಿಂತಿದ್ದು ಸಮಭಾಜಕ ರೇಖೆಯ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಾವಿರುವುದು 76 ಡಿಗ್ರಿ ಚಿಲ್ಲರೆಯಲ್ಲಿ. ಅಂದರೆ ಅದು ನಮ್ಮ ತಲೆ ಮೇಲಿರಲಿಲ್ಲ, ಪೂರ್ವಕ್ಕೆ ವಾಲಿಕೊಂಡಿತ್ತು. ಲೆಕ್ಕ ಹಾಕಿದರೆ ದುರ್ಗದಿಂದ ನೇರ ಪೂರ್ವ ನೋಡಿ, ಅಲ್ಲಿಂದ ದಕ್ಷಿಣದ ಕಡೆಗೆ 24 ಡಿಗ್ರಿ ತಿರುಗಬೇಕು. ನೆಲದಿಂದ 53 ಡಿಗ್ರಿ ಮೇಲಕ್ಕೆ ನೋಡಬೇಕು. ದಾವಣಗೆರೆಗೂ ಹೆಚ್ಚು ಕಮ್ಮಿ ಇದೇ ಲೆಕ್ಕ.

ಕಾಗದದ ಮೇಲೆ ಇದು ಚೆಂದ. ಮಹಡಿ ಮೇಲೆ ನಿಂತಾಗ ಪೂರ್ವ ಎಲ್ಲಿ ಅನ್ನೋದೇ ಮೊದಲ ಪ್ರಶ್ನೆ. ದಿಕ್ಸೂಚಿಯನ್ನು ಮಹಡಿಯ ಕಬ್ಬಿಣದ ಸರಳುಗಳ ಹತ್ತಿರ ತಂದರೆ ಮುಳ್ಳು ಬೇರೆ ಕಡೆ ಓಡುತ್ತದೆ. ಹಾಗಾಗಿ ನನಗೆ ಕೆಲಸಕ್ಕೆ ಬಂದದ್ದು ಸೂರ್ಯ. ಮಾರ್ಚ್ ನಡುವಿನ ದಿನಗಳಲ್ಲಿ ಬೆಳಗ್ಗೆ ಹತ್ತು ಇಪ್ಪತ್ತರ ಸುಮಾರಿಗೆ ನಮ್ಮೂರಿನಿಂದ ನೋಡಿದರೆ ಸೂರ್ಯ ಸರಿಯಾಗಿ ಏಷ್ಯಾಸ್ಟಾರ್ ಇದ್ದ ಜಾಗದಲ್ಲೇ ಇರುತ್ತಿದ್ದ. ಸೆಪ್ಟೆಂಬರ್ ಕೊನೆಯಲ್ಲಿ ಹತ್ತು ಗಂಟೆಗೇ. ಒಂದು ಖಾಲಿ ಪೆನ್ ರೀಫಿಲ್ ತುಂಡನ್ನು ಆಂಟೆನಾದ ಮುಖದ ಮೇಲೆ ನೆಟ್ಟಗೆ ಮೇಣದಿಂದ ಅಂಟಿಸಿದೆ. ಅದರ ನೆರಳು ಉದ್ದವಾಗಿ ಬೀಳುತ್ತಿತ್ತು. ಆಂಟೆನಾವನ್ನು ನಿಧಾನಕ್ಕೆ ವಾಲಿಸುತ್ತಾ ಹೋದಂತೆ ನೆರಳು ಗಿಡ್ಡವಾಯಿತು. ಕೊನೆಗೆ ರೀಫಿಲ್‌ನ ಬುಡದಲ್ಲೇ ಕರಗಿತು. ಸೆಟ್‌ನ ಪರದೆ ಮೇಲೆ ಸಿಗ್ನಲ್ ಗೆರೆ ತುಂಬಿ ನಿಂತಿತ್ತು. ಆಂಟೆನಾ ಅಡಿಗೆ ಒಂದು ಮರದ ತುಂಡನ್ನು ಅದೇ ಓರೆಗೆ ಕೊಯ್ಯಿಸಿ ಇಟ್ಟೆ. ಅಲ್ಲಿಗೆ ದಿಕ್ಕಿನ ರಗಳೆ ಮುಗಿಯಿತು.

ಪಕ್ಕದ ಮನೆಯ ಅಜ್ಜ ಕೆಳಗಿನಿಂದ ಕೇಳಿದರು: "ಏನಪ್ಪಾ ಅದು, ಬಿಸಿಲಿಗೆ ಹಪ್ಪಳ ಒಣಗಿಸ್ತಿದ್ದೀಯಾ?"

"ಇಲ್ಲ ಅಜ್ಜ, ರೇಡಿಯೋ."

"ರೇಡಿಯೋಕ್ಕೂ ಬಿಸಿಲು ಬೇಕಾ?"

ಬೇಡ, ಆದರೆ ತೆರೆದ ಆಕಾಶ ಬೇಕು. ಇದು 1,452ರಿಂದ 1,492 ಮೆಗಾಹರ್ಟ್ಜ್ ನಡುವಿನ ಅಲೆ. ಮೀಡಿಯಂ ವೇವ್ ಹಾಗೆ ಗುಡ್ಡ ಬಳಸಿ ಬರುವುದಿಲ್ಲ. ಕಿಟಕಿ ಗಾಜು ದಾಟುತ್ತದೆ, ತಾರಸಿ ದಾಟುವುದಿಲ್ಲ. ಪೂರ್ವದ ಕಿಟಕಿ ಇದ್ದ ಕೋಣೆಯಲ್ಲಿ ಆಂಟೆನಾ ಇಟ್ಟರೆ ಸಾಕಾಗುತ್ತಿತ್ತು, ಮಧ್ಯೆ ಹೊಂಗೆ ಮರ ಬಂದರೆ ಮುಗೀತು. ಎಲೆ ಒಣಗಿದ್ದಾಗ ಹೇಗೋ ನಡೆಯುತ್ತಿತ್ತು. ಮಳೆ ನಿಂತ ಮೇಲೆ ಎಲೆಯೆಲ್ಲಾ ತೊಯ್ದಿರುವಾಗ ಗೆರೆ ಅರ್ಧಕ್ಕೆ ಇಳಿಯುತ್ತಿತ್ತು. ಮಳೆಗಿಂತ ಒದ್ದೆ ಎಲೆಯದ್ದೇ ಜಾಸ್ತಿ ಕಾಟ.

ಕೋಟೆಗೂ ಒಯ್ದು ನೋಡಿದೆ. ಏಕನಾಥೇಶ್ವರಿ ಗುಡಿಯ ಬಳಿ ಬಯಲು ಜಾಗ, ಆಂಟೆನಾ ಕಲ್ಲಿನ ಮೇಲಿಟ್ಟ ಕೂಡಲೇ ಹಾಡು. ಪೂರ್ವಕ್ಕೆ ದೊಡ್ಡ ಬಂಡೆ ಇರುವ ಕಡೆ ಸರಿದು ಕೂತರೆ ಪೂರ್ತಿ ಮೌನ. ಹತ್ತು ಹೆಜ್ಜೆ ಆಚೆ ಬಂದರೆ ಮತ್ತೆ ಹಾಡು. ಇಲ್ಲಿ ಒಂದು ಮಾತು ಹೇಳಲೇಬೇಕು. ಪೋರ್ಟಬಲ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ, ನಿಜ, ಎತ್ತಿಕೊಂಡು ಹೋಗಬಹುದು. ನಡೆಯುತ್ತಾ ಕೇಳುವ ಹಾಗಿಲ್ಲ. ಮೆಟ್ಟಿಲ ತಿರುವಿನಲ್ಲಿ ನೀವು ತಿರುಗಿದರೆ ಆಂಟೆನಾನೂ ತಿರುಗಿತು, ದನಿ ಹೋಯಿತು. ಶಾರ್ಟ್ ವೇವ್ ಆದರೆ ಗೊರಗೊರ ಅಂತಾದರೂ ಜೊತೆಗಿರುತ್ತದೆ. ವರ್ಲ್ಡ್‌ಸ್ಪೇಸ್‌ನಂಥ ಡಿಜಿಟಲ್ ರೇಡಿಯೋ ಹಾಗಲ್ಲ. ಚೆನ್ನಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬ್ಯಾಟರಿ ಮೇಲೆ ಹಾಕಿದರಂತೂ ಸೆಲ್ ಕುಡಿಯುತ್ತಿತ್ತು. ಮನೆಯಲ್ಲಿ ಅಡಾಪ್ಟರ್ ಹಾಕಿಯೇ ಕೇಳಿದ್ದು ಜಾಸ್ತಿ. ಬೇಸಿಗೆಯಲ್ಲಿ ಕರೆಂಟ್ ಹೋದ ಸಂಜೆಗಳಿಗೆ ಮಾತ್ರ ಸೆಲ್.

ಡಿಟಿಎಚ್ ಬಂದ ಮೇಲೆ ಸ್ನೇಹಿತರ ಮನೆಗಳಲ್ಲಿ ದಿಕ್ಕು ಹುಡುಕೋದು ಸುಲಭವಾಯಿತು. ಡಿಶ್ ಟಿವಿಯ ತಟ್ಟೆ 95 ಡಿಗ್ರಿಯ ಉಪಗ್ರಹಕ್ಕೆ ಮುಖ ಮಾಡಿರುತ್ತಿತ್ತು. ನಮ್ಮ ಆಂಟೆನಾವನ್ನು ಅದಕ್ಕಿಂತ ಸ್ವಲ್ಪ ಪೂರ್ವಕ್ಕೆ ಸರಿಸಿದರೆ ಆಯಿತು. ಓರೆ ಮಾತ್ರ ತಟ್ಟೆ ನೋಡಿ ಇಡಬಾರದು. ಆ ತಟ್ಟೆಗಳು ಕಣ್ಣಿಗೆ ಕಾಣುವುದಕ್ಕಿಂತ ಮೇಲಕ್ಕೆ ನೋಡುತ್ತಿರುತ್ತವೆ.

ಇಷ್ಟೆಲ್ಲಾ ಕಷ್ಟಪಟ್ಟದ್ದಕ್ಕೆ ಏನು ಸಿಕ್ಕಿತು ಅಂದರೆ, ಸಿಕ್ಕಿತು. ಚಂದಾ ಕಟ್ಟಿದರೆ ಕನ್ನಡಕ್ಕೆ ಸ್ಪರ್ಶ, ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ, ಹಳೇ ಹಿಂದಿ ಹಾಡಿಗೆ ಫರಿಷ್ತಾ. ಅಪ್ಪನಿಗೆ ಗಂಧರ್ವ ಬಿಟ್ಟರೆ ಬೇರೆ ಬೇಡ. ರಾಗ ನಡೆಯುತ್ತಿದ್ದಾಗ ಮಧ್ಯೆ ಜಾಹೀರಾತು ಬಂದು ಕೆಡಿಸುತ್ತಿರಲಿಲ್ಲ, ತಂಬೂರಿಯ ದನಿಯೂ ಬೇರೆಯಾಗಿ ಕೇಳುತ್ತಿತ್ತು. ನನಗೆ ಬಿಬಿಸಿ. ಗಂಟೆಯ ಪೀಪ್ ಸದ್ದಿಗೆ ಮಾತ್ರ ಗಡಿಯಾರ ಸರಿಮಾಡಬಾರದು. ಮೇಲೆ ಹೋಗಿ ಕೆಳಗೆ ಬರುವ 70,000 ಕಿಲೋಮೀಟರ್‌ಗೂ ಹೆಚ್ಚಿನ ದಾರಿಗೇ ಕಾಲು ಸೆಕೆಂಡ್ ಬೇಕು. ದನಿಯನ್ನು ಅಂಕಿಗಳಾಗಿ ಕುಗ್ಗಿಸಿ ಮತ್ತೆ ಹಿಗ್ಗಿಸುವುದಕ್ಕೆ ಇನ್ನಷ್ಟು.

ಎಲ್ಲಾ ವಾಹಿನಿಯ ಗುಣ ಒಂದೇ ಇರಲಿಲ್ಲ ಅನ್ನೋದೂ ಹೇಳಬೇಕು. ಒಂದೊಂದು ವಾಹಿನಿಯ ದನಿಗೆ ಬೇರೆ ಬೇರೆ ಪ್ರಮಾಣದ ಡೇಟಾ ಕೊಟ್ಟಿದ್ದರು. ಸಂಗೀತದವಕ್ಕೆ ಧಾರಾಳ, ಮಾತಿನವಕ್ಕೆ ಕಮ್ಮಿ. ಮಾತಿನ ವಾಹಿನಿ ಒಮ್ಮೊಮ್ಮೆ ಡಬ್ಬದೊಳಗಿನಿಂದ ಬಂದಂತೆ ಕೇಳುತ್ತಿತ್ತು. ನಮ್ಮ ಆಕಾಶವಾಣಿಯ ಎಫ್‌ಎಂ ದನಿ ಅದಕ್ಕಿಂತ ಎಷ್ಟೋ ತುಂಬಿದ ದನಿ.

ವರ್ಲ್ಡ್‌ಸ್ಪೇಸ್‌ನ ಅಮೆರಿಕದ ಮಾತೃ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು.

ಈಗಲೂ ಕೆಲವರು ಕೇಳುತ್ತಾರೆ, ಗುಜರಿಯಲ್ಲಿ ಇಂಥ ಸೆಟ್ ಸಿಕ್ಕಿದೆ, ಚಂದಾ ಇಲ್ಲದೆ ಏನಾದರೂ ಬರುತ್ತಾ ಅಂತ. ಬರುವುದಿಲ್ಲ. ಚಂದಾ ಕಟ್ಟಿದವರಿಗೆ ಮಾತ್ರ ಅಂತ ಹಾಕಿದ್ದ ಕೀಲಿ ಒಡೆಯುವ ಪ್ರಶ್ನೆಯೇ ಇಲ್ಲ, ಮೇಲಿನಿಂದ ಆ ಪ್ರಸಾರವೇ ಇಲ್ಲ. ಶಾರ್ಟ್ ವೇವ್ ಇರುವ ಹಳೇ ಮಾಡೆಲ್ ಆಗಿದ್ದರೆ ಮಾಮೂಲಿ ರೇಡಿಯೋ ಬೆಲೆ ಕೊಟ್ಟು ತಗೊಳ್ಳಿ. ಉಪಗ್ರಹ ಮಾತ್ರ ಹಿಡಿಯುವ ಮಾಡೆಲ್ ಆದರೆ ಅಲ್ಲೇ ಬಿಟ್ಟು ಬನ್ನಿ.