ಬಾಗಿಲಿಗಿಂತ ಮೊದಲು ಮೀಟರ್ ಬೋರ್ಡ್: ಹಳೆ ಅಪಾರ್ಟ್‌ಮೆಂಟ್ ಬಡಾವಣೆಯ ಮನಿ-ಮಂದಿ ಲೆಕ್ಕ ಹಿಡಿದ ನನ್ನ ಅನುಭವ

ಅಪಾರ್ಟ್‌ಮೆಂಟುಗಳೇ ತುಂಬಿದ ಹಳೆ ಬಡಾವಣೆಯಲ್ಲಿ ಎಷ್ಟು ಮನೆಯಲ್ಲಿ ಜನ ಇದ್ದಾರೆ, ಎಂಥ ಜನ ಇದ್ದಾರೆ ಅನ್ನುವ ಲೆಕ್ಕವನ್ನು ಬಾಗಿಲಿನಿಂದ ಶುರು ಮಾಡಬಾರದು, ಮೆಟ್ಟಿಲ ಬುಡದ ಮೀಟರ್ ಬೋರ್ಡಿನಿಂದ ಶುರು ಮಾಡಬೇಕು ಅಂತ ನಾನು ಹೇಳಿದಾಗ ನಮ್ಮ ಸರ್ವೇ ಗೆಳೆಯರು ಯಾರೂ ಒಪ್ಪಲಿಲ್ಲ. ಅಂಕಿಅಂಶ ಪಾಠ ಮಾಡಿ ನಿವೃತ್ತರಾದ ಸರ್ ಒಬ್ಬರು "ಮೀಟರ್ ಎಣಿಸಿದ್ರ ಮೀಟರ್ ಸಿಗ್ತಾವ ತಮ್ಮಾ, ಮಂದಿ ಸಿಗಂಗಿಲ್ಲ" ಅಂತ ಮುಖಕ್ಕೇ ಹೇಳಿದ್ದರು. ಈಗ ಮಂದಿಯ ಲೆಕ್ಕ ಸಿಕ್ಕಿದೆ. ಕೆಲಸ ಕೊಟ್ಟವರು ತಾವೇ ತಾಳೆ ನೋಡಿ ಒಪ್ಪಿದ್ದಾರೆ, ಬಾಕಿ ದುಡ್ಡೂ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಕಲಬುರಗಿಯ ಒಳಗಿನದು. ಸ್ಟೇಷನ್‌ಗೂ ದೂರವಲ್ಲ, ಸೂಪರ್ ಮಾರ್ಕೆಟ್‌ಗೂ ದೂರವಲ್ಲ. ಒಂದೊಂದು ಮನೆಯ ವಿಷಯ ಬರುವುದರಿಂದ ಬಡಾವಣೆಯ ಹೆಸರು ಹಾಕುವುದಿಲ್ಲ, ಊರಿನವರಿಗೆ ಅಂದಾಜಾಗುತ್ತದೆ. ಬ್ರಹ್ಮಪುರ, ಶಹಾಬಜಾರ್ ಕಡೆಯ ವಾಡೆಗಳನ್ನು ಬಿಟ್ಟು ಬಂದ ವಕೀಲರು, ಅಡತಿ ವ್ಯಾಪಾರಿಗಳು, ಕಾಲೇಜು ಮಾಸ್ತರರು ಪ್ಲಾಟ್ ಹಿಡಿದು ಬಂಗಲೆ ಕಟ್ಟಿಸಿದ್ದ ಜಾಗ ಇದು. ಆ ಬಂಗಲೆಗಳನ್ನು ಮಕ್ಕಳು ಬಿಲ್ಡರ್‌ಗೆ ಕೊಟ್ಟು, ತಮ್ಮ ಪಾಲಿಗೆ ನಾಲ್ಕೈದು ಫ್ಲ್ಯಾಟ್ ಇಟ್ಟುಕೊಂಡರು. ಹೆಚ್ಚಿನವು ನೆಲಮಹಡಿ ಮೇಲೆ ಮೂರು ಮಹಡಿ. ಲಿಫ್ಟ್ ಇರುವ ಕಟ್ಟಡ ಬೆರಳೆಣಿಕೆ.

ಕೆಲಸ ಕೊಟ್ಟವರು ಒಂದಿಷ್ಟು ಡಾಕ್ಟರುಗಳು. ಮನೆಗೇ ಹೋಗಿ ಫಿಸಿಯೋಥೆರಪಿ ಮಾಡುವ, ನರ್ಸ್ ಕಳಿಸುವ ಸೇವೆ ಶುರು ಮಾಡುವ ಯೋಚನೆ ಅವರದು. 65 ದಾಟಿದವರು ಎಷ್ಟು, ಯಾವ ಮಹಡಿಯಲ್ಲಿ, ಮನೆಯಲ್ಲಿ ಮತ್ತ್ಯಾರು ಇದ್ದಾರೆ, ಇಷ್ಟು ಬೇಕಿತ್ತು. ಮಾತಾದದ್ದು 60 ಸಾವಿರ, ಅಡ್ವಾನ್ಸ್ 20.

ಮೊದಲು ಎಲ್ಲರ ಹಾಗೆ ಮತದಾರರ ಪಟ್ಟಿ ಹಿಡಿದೆವು. ವಯಸ್ಸು, ಸಂಬಂಧ, ಮನೆ ನಂಬರ್ ಎಲ್ಲ ಅಚ್ಚಾಗಿರುತ್ತದೆ, ಪುಕ್ಕಟೆ ಸಿಗುತ್ತದೆ. ಆದರೆ ಹಳೆ ಪ್ಲಾಟಿನ ನಂಬರ್ ಒಂದೇ, ಅದರ ಮೇಲೆ ಎದ್ದ ಹದಿನಾರು ಫ್ಲ್ಯಾಟಿಗೂ ಅದೇ. ಒಂದೇ ಮನೆ ನಂಬರಿನಲ್ಲಿ ಅರವತ್ತು ಮಂದಿ! ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ನೆಲೆಸಿದ ಗಂಡುಮಕ್ಕಳು, ತೀರಿಕೊಂಡವರು, ಎಲ್ಲರೂ ಅಲ್ಲೇ ಇದ್ದರು. ಇತ್ತ ಮೂರು ವರ್ಷದಿಂದ ಬಾಡಿಗೆಗೆ ಇರುವ ಸೇಡಂ, ಜೇವರ್ಗಿ ಕಡೆಯವರ ಹೆಸರು ಒಂದೂ ಇಲ್ಲ, ಅವರ ಓಟು ಊರಲ್ಲೇ. 2011ರ ಜನಗಣತಿ ಈ ಕೆಲಸಕ್ಕೆ ಬಲು ಹಳೆಯದು, 2021ರದ್ದು ನಡೆಯಲೇ ಇಲ್ಲ. ಅಲ್ಲಿಗೆ ಕಾಗದದ ದಾರಿ ಮುಗಿಯಿತು.

ಆಮೇಲೆ ಬಾಗಿಲು. ಡಾಕ್ಟರುಗಳಿಗೆ ಅವಸರ, ಮೇ ತಿಂಗಳಲ್ಲೇ ಆಗಬೇಕು ಅಂತ ಹಟ ಹಿಡಿದರು. ನಮ್ಮ ಮೇ ನಿಮಗೆ ಗೊತ್ತು, 42 ಡಿಗ್ರಿ, ಹನ್ನೊಂದರ ಮೇಲೆ ಬಾಗಿಲು ತೆಗೆಯುವವರಿಲ್ಲ. ಇಬ್ಬರು ಹುಡುಗರು, ಒಬ್ಬ ಹುಡುಗಿ, ದಿನಕ್ಕೆ ತಲಾ 600, ಚಹಾ-ನಾಷ್ಟಾ ಬೇರೆ. ಮೂರರಲ್ಲಿ ಒಂದು ಬಾಗಿಲು ತೆರೆದರೆ ಪುಣ್ಯ. ಬೀಗ ಇದ್ದದ್ದು ಖಾಲಿ ಮನೆಯೋ, ಊರಿಗೆ ಹೋದವರದೋ, ಆಫೀಸೋ ತಿಳಿಯುವುದಿಲ್ಲ. ಪಿಯು ಪರೀಕ್ಷೆ ಮುಗಿದಿದ್ದರಿಂದ ಮಕ್ಕಳನ್ನು ಓದಿಸಲು ಮನೆ ಮಾಡಿದ್ದ ಹಳ್ಳಿಯ ಕುಟುಂಬಗಳು ಊರಿಗೆ ಹೋಗಿದ್ದವು. 18 ಸಾವಿರದಷ್ಟು ಆ ಸುತ್ತಿನಲ್ಲಿ ಕರಗಿತು, ಕೈಗೆ ಬಂದ ಅಂಕಿ ಯಾವುದಕ್ಕೂ ಬರಲಿಲ್ಲ. ಜುಲೈನಲ್ಲಿ ಅದೇ ಕಟ್ಟಡಗಳಲ್ಲಿ ನೋಡಿದಾಗ ಮಂದಿ ಕಾಲುಪಾಲು ಹೆಚ್ಚಿದ್ದರು. ಈ ಊರಿನಲ್ಲಿ ಇಂಥ ಲೆಕ್ಕಕ್ಕೆ ಜುಲೈಯಿಂದ ನವೆಂಬರ್ ಒಳ್ಳೆಯದು. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಯ ಸುತ್ತಮುತ್ತ ಅಂತೂ ಕೈ ಹಾಕಬೇಡಿ, ಮನೆಮನೆಯಲ್ಲೂ ಬೀಗರು, ನೆಂಟರು.

ಜುಲೈನಲ್ಲಿ ನನ್ನ ದಾರಿ ಹಿಡಿದೆ. ಅಸೋಸಿಯೇಷನ್ ಕಾರ್ಯದರ್ಶಿಗಳ ಒಪ್ಪಿಗೆ ಬರೆಸಿಕೊಂಡು, ಹೆಸರು ಯಾರದೂ ಬರೆಯುವುದಿಲ್ಲ ಅಂತ ಕರಾರು ಮಾಡಿಕೊಂಡು ಬೋರ್ಡಿನ ಮುಂದೆ ನಿಂತೆವು. ಮನೆಗೆ ನಂಬರ್ ಇಲ್ಲದಿರಬಹುದು, ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಇಲ್ಲದ ಮೀಟರ್ ಇಲ್ಲ. ಕರೆಂಟ್ ಕಂಪನಿ ಜೆಸ್ಕಾಂ ಎಣಿಸಿದ್ದನ್ನು ನಾವು ಮತ್ತೆ ಎಣಿಸುವ ಅಗತ್ಯ ಏನು? ಅರವತ್ತರ ಆಸುಪಾಸು ಕಟ್ಟಡ, 900ರಷ್ಟು ಮೀಟರ್. ಮೋಟರ್, ಮೆಟ್ಟಿಲ ದೀಪದ ಮೀಟರು ಕಟ್ಟಡಕ್ಕೆ ಒಂದರಂತೆ ಕಳೆಯಿರಿ. ಎಲ್‌ಟಿ-3 ಅಂತ ಬಿಲ್ ಬರುವ ಅಂಗಡಿ, ಕ್ಲಿನಿಕ್ಕುಗಳು ನೂರು ಚಿಲ್ಲರೆ. ಉಳಿದದ್ದು 730 ಇರಬೇಕು.

ಇವುಗಳಲ್ಲಿ ಎಷ್ಟರಲ್ಲಿ ಜನ ಇದ್ದಾರೆ? ಮೊದಲೆಲ್ಲ ಬಿಲ್ಲಿನ ಮೊತ್ತ ನೋಡಿದರೆ ಸಾಕಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಜನ ಇರುವ ಮನೆಗೂ ಸೊನ್ನೆ, ಬೀಗ ಹಾಕಿದ ಮನೆಗೂ ಸೊನ್ನೆ ಆಗಬಹುದು. ಮೊತ್ತ ಬಿಟ್ಟು ಯೂನಿಟ್ ನೋಡಬೇಕು. ಬಿಲ್ ಸಿಗದ ಕಡೆ ಮೀಟರಿನ ಕೆಂಪು ದೀಪವೇ ಗತಿ, ನನ್ನ ಲೆಕ್ಕ ನಿಂತದ್ದೇ ಅದರ ಮೇಲೆ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ನಮಗೆ ಸಿಕ್ಕವುಗಳಲ್ಲಿ 3200ರವು ಹೆಚ್ಚು, 1600ರವೂ ಇದ್ದವು. 3200ರ ಮೀಟರಿನಲ್ಲಿ ನೂರು ವ್ಯಾಟಿನ ಫ್ರಿಜ್ ಓಡುತ್ತಿದ್ದರೆ ಹನ್ನೊಂದು ಸೆಕೆಂಡಿಗೆ ಒಂದು ಸಲ ಮಿಣುಕುತ್ತದೆ. ಎಪ್ಪತ್ತು ವ್ಯಾಟಿನ ಫ್ಯಾನ್ ಒಂದೇ ಇದ್ದರೆ ಹದಿನಾರು ಸೆಕೆಂಡಿಗೆ ಒಮ್ಮೆ. ನಿಮಿಷ ದಾಟಿ ಒಂದೇ ಒಂದು ಮಿಣುಕು ಬಂದರೆ ಬೀಗ ಹಾಕಿದ ಮನೆಯಲ್ಲಿ ಇನ್ವರ್ಟರ್ ಬ್ಯಾಟರಿ ಎಳೆಯುತ್ತಿದೆ ಅಂತ ತಿಳಿಯಬೇಕು. ಫ್ರಿಜ್ ನಡುನಡುವೆ ನಿಲ್ಲುವುದರಿಂದ ಒಂದೇ ನೋಟಕ್ಕೆ ತೀರ್ಪು ಕೊಡಬಾರದು. ಬೆಳಗಿನ ಆರೂವರೆ, ಮಧ್ಯಾಹ್ನ, ರಾತ್ರಿ ಹತ್ತರ ಮೇಲೆ, ಮೂರು ಹೊತ್ತು ನೋಡಿದರೆ ಆಫೀಸು ಯಾವುದು, ಮನೆ ಯಾವುದು ತಾನೇ ಬಿಚ್ಚಿಕೊಳ್ಳುತ್ತದೆ. ಮನೆ ಮೀಟರ್ ಇಟ್ಟುಕೊಂಡು ಟ್ಯೂಷನ್, ಸಿಎ ಆಫೀಸು, ಗೋದಾಮು ನಡೆಸುವವು 60-70 ಸಿಕ್ಕಿದ್ದು ಹೀಗೆ. ರಾತ್ರಿ ಅವು ಸತ್ತಂತೆ ಇರುತ್ತವೆ.

ನಿಜಕ್ಕೂ ಬೀಗ ಬಿದ್ದವು 90ರ ಹತ್ತಿರ. ಉಳಿದ 570ರಷ್ಟರಲ್ಲಿ ಸಂಸಾರ ಇದೆ. ನನಗೆ ಇದು ವಿಚಿತ್ರ ಅನಿಸಲಿಲ್ಲ. 2011ರಲ್ಲಿ ಇಡೀ ದೇಶದ 33 ಕೋಟಿ ಗಣತಿಮನೆಗಳಲ್ಲೇ ಎರಡೂವರೆ ಕೋಟಿಯಷ್ಟು ಖಾಲಿ ಇದ್ದವು.

ಇಷ್ಟಾದ ಮೇಲೆ ಹಾಲಿನವರು. ಅರ್ಧ ಲೀಟರಿನ ಒಂದು ಪಾಕೀಟು ಹೋಗುವ ಮನೆ, ಎರಡು ಹೋಗುವ ಮನೆ, "ನಾಳಿಂದ ಹದಿನೈದು ದಿನ ಬ್ಯಾಡ್ರಿ, ಬೆಂಗಳೂರಿಗೆ ಹೊಂಟೀವಿ" ಅಂದ ಮನೆ, ಎಲ್ಲ ಅವರ ವಹಿಯಲ್ಲಿದೆ. ಆ ವಹಿ ಅವರಾಗಿಯೇ ತೆಗೆದು ತೋರಿಸುವಂತೆ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ವಾಚ್‌ಮನ್‌ಗೆ ನಾನು ಮೊದಲು ಕೇಳುವ ಪ್ರಶ್ನೆಯೂ ನನ್ನ ಹತ್ತಿರವೇ ಇರಲಿ, ಅವು ನನ್ನ ಹೊಟ್ಟೆಪಾಡು.

ಕೊನೆಗೆ ಬಾಗಿಲು, ನಾಲ್ಕಕ್ಕೆ ಒಂದು. ಯಾವ ಮನೆಯಲ್ಲಿ ಜನ ಇದ್ದಾರೆ, ಯಾವ ಹೊತ್ತಿಗೆ ಇರುತ್ತಾರೆ ಗೊತ್ತಾಗಿತ್ತಾದ್ದರಿಂದ 140ರಷ್ಟು ಬಾಗಿಲಲ್ಲಿ ಹತ್ತೋ ಹನ್ನೆರಡೋ ಮಾತ್ರ ತೆರೆಯಲಿಲ್ಲ. ಹುಡುಗಿ ಮುಂದೆ, ನಾವು ಮೆಟ್ಟಿಲ ಮೇಲೆ. ಹೆಣ್ಣುಮಗಳು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಎಷ್ಟು ಮಂದಿ ಅನ್ನುವ ಪ್ರಶ್ನೆಗೆ ಒಲೆ ಲೆಕ್ಕ ಅಂತ ನಾವೆಲ್ಲ ಕಲಿತಿದ್ದೇವೆ, ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಇಲ್ಲಿ ಅಣ್ಣತಮ್ಮಂದಿರು ಪಾಲಿನ ಫ್ಲ್ಯಾಟುಗಳಲ್ಲಿ ಮೇಲೆ-ಕೆಳಗೆ ಇರುವುದರಿಂದ ಅದು ಗೋಜಲಾಯಿತು. ಎರಡನೇ ಮಹಡಿಯ ಅವ್ವನಿಗೆ ಹುಡುಗಿ ಕೇಳಿದಳು, "ಅವ್ವಾರ, ನೀವು ಯಾರ ಮನ್ಯಾಗ ಇರ್ತೀರಿ?" ಅವರು ಹೇಳಿದ್ದು: "ಮುಂಜಾನಿ ರೊಟ್ಟಿ ಹಿರೀ ಮಗನ ಮನ್ಯಾಗ, ರಾತ್ರಿ ಅನ್ನ ಸಣ್ಣವನ ಮನ್ಯಾಗ. ಮಲಗೂದು ಮಾತ್ರ ಇಲ್ಲೇ ನೋಡವ್ವ." ಇಬ್ಬರು ಮಕ್ಕಳೂ ಅವರನ್ನು ತಮ್ಮ ಮನೆಗೆ ಸೇರಿಸಿ ಹೇಳಿದ್ದರು. ಮಲಗುವ ಜಾಗವೇ ಲೆಕ್ಕ ಅಂತ ಅವತ್ತೇ ನಿಯಮ ಮಾಡಿದೆ. ಡಾಕ್ಟರುಗಳಿಗೆ ಬೇಕಿದ್ದದ್ದೂ ಅದೇ.

ಈ ಇಡೀ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಸಂಗತಿ ಇನ್ನೊಂದು. ಸ್ವಂತದ ಮನೆಯೋ ಬಾಡಿಗೆಯೋ ಅಂತ ಕೇಳಿ, ಸ್ವಂತದವರು ಹಳಬರು, ಬಾಡಿಗೆಯವರು ಹೊಸಬರು ಅಂತ ಬರೆದುಕೊಳ್ಳುವುದು ರೂಢಿ. ಇಲ್ಲಿ ಅದು ತಿರುಗಿ ಬಿದ್ದಿದೆ. ಮೂರನೇ ಮಹಡಿಯಲ್ಲಿ ಮೂವತ್ತು ವರ್ಷ ಬಾಳಿದವರಿಗೆ ಮೊಣಕಾಲು ನೋವು, ಲಿಫ್ಟ್ ಇಲ್ಲ. ತಮ್ಮ ಫ್ಲ್ಯಾಟನ್ನು ನೀಟ್ ಕೋಚಿಂಗ್ ಹುಡುಗರಿಗೆ 12-13 ಸಾವಿರಕ್ಕೆ ಬಿಟ್ಟು, ಅದೇ ಕಟ್ಟಡದ ಕೆಳಗಿನ ಮನೆಗೆ ತಾವೇ ಬಾಡಿಗೆಗೆ ಇಳಿದಿದ್ದಾರೆ, ಅಲ್ಲಿ 9-10 ಸಾವಿರ ಕೊಡುತ್ತಾರೆ. ಕಾಗದದಲ್ಲಿ ಅವರು ಬಾಡಿಗೆದಾರರು, ಬಡಾವಣೆಯಲ್ಲಿ ಅವರಿಗಿಂತ ಹಳಬರಿಲ್ಲ. ಇಂಥ ಮನೆಗಳು ನಮ್ಮ ಸ್ಯಾಂಪಲ್‌ನಲ್ಲೇ ಹತ್ತರ ಮೇಲೆ ಸಿಕ್ಕವು. ಮಾಲೀಕರ ಪಟ್ಟಿ ಹಿಡಿದು ಹೋಗಿದ್ದರೆ ಡಾಕ್ಟರುಗಳು ಮೂರನೇ ಮಹಡಿ ಹತ್ತಿ ಹತ್ತೊಂಬತ್ತರ ಹುಡುಗರನ್ನು ನೋಡಿ ಬರಬೇಕಿತ್ತು.

ಒಟ್ಟು ಚಿತ್ರ, ನೆನಪಿನಿಂದ: 1900ದಷ್ಟು ಮಂದಿ, ಮನೆಗೆ ಮೂರು ಚಿಲ್ಲರೆ. 65 ದಾಟಿದವರು 330ರ ಸುಮಾರು, ಹೆಚ್ಚಿನವರು ಗಂಡಹೆಂಡತಿ ಇಬ್ಬರೇ, ಇಲ್ಲವೇ ಒಬ್ಬರೇ. ಮಕ್ಕಳ ಓದಿಗೆ ತಾಯಿ ಬಂದು ಮನೆ ಮಾಡಿ, ತಂದೆ ಹೊಲ ನೋಡಿಕೊಂಡು ಶನಿವಾರ ತೊಗರಿಬೇಳೆ, ಜೋಳದ ಚೀಲದ ಸಮೇತ ಬರುವ ಕುಟುಂಬಗಳು ನೂರರ ಹತ್ತಿರ. ಹುಡುಗರೋ ಹುಡುಗಿಯರೋ ಪಾಲು ಹಾಕಿ ಹಿಡಿದ ಫ್ಲ್ಯಾಟುಗಳು 80. ನಲವತ್ತರ ಹರೆಯದವರು ಕಡಿಮೆ. ಅವರು ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆಯ ಹೊಸ ಬಡಾವಣೆಗಳಿಗೆ ಹೋಗಿದ್ದಾರೆ, ಇಲ್ಲವೇ ಊರನ್ನೇ ಬಿಟ್ಟಿದ್ದಾರೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ವಾಚ್‌ಮನ್ ಕಟ್ಟೆಯ ಮೇಲೆ ಬೀಳುವ ಪೇಪರುಗಳನ್ನು ಕನ್ನಡ, ಉರ್ದು, ಇಂಗ್ಲಿಷ್, ಹಿಂದಿ ಅಂತ ಬೇರೆ ಮಾಡಿ ಮನೆಮಾತಿನ ಲೆಕ್ಕ ತೆಗೆಯಲು ನೋಡಿದೆ, ಅದು ಆಗಲಿಲ್ಲ. ಮನೆಯಲ್ಲಿ ದಖ್ಖನಿ ಆಡುವವರು ಕನ್ನಡ ಪೇಪರ್ ತರಿಸುತ್ತಾರೆ, ಮಾರವಾಡಿಗಳು ಎರಡು ತರಿಸುತ್ತಾರೆ. ಆದರೆ ಪೇಪರ್ ಹೋಗುವ ಹತ್ತು ಮನೆಯಲ್ಲಿ ಎಂಟರಲ್ಲಿ ಅರವತ್ತು ದಾಟಿದವರು ಇದ್ದರು. ಹಿರಿಯರ ಮನೆ ಗುರುತಿಸಲು ನನಗೆ ಇದಕ್ಕಿಂತ ಸುಲಭದ ಗುರುತು ಸಿಕ್ಕಿಲ್ಲ.

ಇನ್ನೊಂದು, ಮೆಟ್ಟಿಲ ಕಲ್ಲು ನೋಡಿ ಕಟ್ಟಡದ ವಯಸ್ಸು ಹೇಳುವುದು. ಈ ಬಡಾವಣೆಯ ಮಟ್ಟಿಗೆ ಮೆಟ್ಟಿಲಿಗೆ ಶಹಾಬಾದ್ ಫರಸಿ ಇದ್ದರೆ ಹಳೆಯದು, ಗ್ರಾನೈಟ್ ಇದ್ದರೆ ಆಮೇಲಿನದು. ಕಾರ್ಯದರ್ಶಿಗಳು ಹೇಳಿದ ಇಸವಿಗೆ ಹೋಲಿಸಿದರೆ ನಾಲ್ಕೈದು ವರ್ಷದ ಒಳಗೇ ಹೊಂದಿತು. ಫರಸಿಯ ಅಂಚು ನಡುಭಾಗದಲ್ಲಿ ಸವೆದು ತಗ್ಗಾದ ಕಡೆ ಮಳೆ ನೀರು ನಿಂತು ಜಾರುತ್ತದೆ, ಎರಡು ಕಟ್ಟಡಗಳಲ್ಲಿ ಹಿರಿಯರು ಅಲ್ಲೇ ಬಿದ್ದಿದ್ದರು. ಅದನ್ನು ವರದಿಯಲ್ಲಿ ಬೇರೆಯೇ ಬರೆದೆ.

ಡಾಕ್ಟರುಗಳು ನಂಬಲಿಲ್ಲ, ಅದು ಸರಿಯೇ. ತಾವು ಆರಿಸಿದ ಐದು ಕಟ್ಟಡಗಳಲ್ಲಿ ಬಿಪಿ-ಶುಗರ್ ತಪಾಸಣೆ ನೆಪದಲ್ಲಿ ಪ್ರತಿ ಬಾಗಿಲಿಗೂ ಹೋದರು. ಜನ ಇರುವ ಮನೆಗಳ ಲೆಕ್ಕದಲ್ಲಿ ಎರಡೋ ಮೂರೋ ವ್ಯತ್ಯಾಸ, ಹಿರಿಯರ ಲೆಕ್ಕದಲ್ಲಿ ನಾಲ್ಕು. ಅದೇ ವರ್ಷ, 2025ರ ಸೆಪ್ಟೆಂಬರಿನಲ್ಲಿ, ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮೀಟರ್ ರೀಡರುಗಳೇ ಮನೆಮನೆಗೆ ಸ್ಟಿಕರ್ ಅಂಟಿಸುತ್ತ ಬಂದರು. ಸರ್ಕಾರವೂ ಮನೆ ಹುಡುಕಲು ಕರೆಂಟ್ ಮೀಟರನ್ನೇ ಹಿಡಿದಿತ್ತು. ನಿವೃತ್ತ ಸರ್‌ಗೆ ಫೋನ್ ಮಾಡಿ ಹೇಳಿದೆ. "ನಿನ್ ವಹಿ ತೊಗೊಂಡು ಬಾ, ನೋಡೋಣ" ಅಂದರು. ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದರು, ಸ್ಯಾಂಪಲ್ ಆರಿಸುವುದರಲ್ಲಿ ಎರಡು ತಿದ್ದುಪಡಿ ಹೇಳಿದರು. ಎರಡೂ ಒಳ್ಳೆಯವು, ಮುಂದಿನ ಸಲ ಹಾಗೇ ಮಾಡುತ್ತೇನೆ.

ಖರ್ಚು, ಮೇ ತಿಂಗಳ ಸುತ್ತು ಸೇರಿ, 40 ಸಾವಿರದ ಸುತ್ತ. ಕೈಯಲ್ಲಿ ಉಳಿದದ್ದು 20. ಮೇ ತಿಂಗಳದ್ದು ಇಲ್ಲದಿದ್ದರೆ 35ರ ಮೇಲೆ ಉಳಿಯುತ್ತಿತ್ತು. ಹಿಂದೆ ಇನ್ನೊಬ್ಬರು ಮಂದಿ ಕಡಿಮೆ ತೋರಿಸಿದ್ದೀರಿ ಅಂತ ಬಾಕಿ ಕೊಡದೆ ಹೋಗಿದ್ದರಿಂದ, ಈ ಸಲ ಐದು ಕಟ್ಟಡದ ತಾಳೆಯನ್ನು ಮೊದಲೇ ಒಪ್ಪಂದದಲ್ಲಿ ಬರೆಸಿದ್ದೆ: ಹತ್ತಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ದುಡ್ಡು ಬೇಡ, ಇಲ್ಲದಿದ್ದರೆ ಎಂಟು ದಿನದೊಳಗೆ ಪೂರ್ತಿ. ಆರನೇ ದಿನಕ್ಕೆ ಬಂತು. ಬೀದರಿನಿಂದ ಇದೇ ಥರದ ಕೆಲಸ ಕೇಳಿದ್ದಾರೆ, ಅವರಿಗೆ 85 ಹೇಳಿದ್ದೇನೆ, ಮೇ ತಿಂಗಳಲ್ಲಿ ಬರುವುದಿಲ್ಲ ಅಂತಲೂ.